ಕಬ್ಬಿನಿಂದ ಪ್ಲಾಸ್ಟಿಕ್: ದುಡ್ಡು ಯಾರ ಜೇಬಿಗೆ?

2025ರ ನವೆಂಬರ್ ನೆನಪಿದೆಯಲ್ವಾ? ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್‌ಗೆ 3,500 ರೂಪಾಯಿ ಕೊಡಿ ಅಂತ ಪಟ್ಟು ಹಿಡಿದು ಕೂತರು. ಕೊನೆಗೆ 3,300ಕ್ಕೆ ಬಂದು ನಿಂತಿತು. ಸಕ್ಕರೆಯ ಕನಿಷ್ಠ ಮಾರಾಟ ಬೆಲೆ 2019ರಿಂದ ಕೆ.ಜಿ.ಗೆ 31 ರೂಪಾಯಿಯಲ್ಲೇ ಇದೆ, ಎಲ್ಲಿಂದ ತಂದು ಕೊಡೋಣ ಅನ್ನೋದು ಕಾರ್ಖಾನೆಗಳ ವಾದ.

ಅದಕ್ಕೇ ಈಗ ಹೊಸ ಮಂತ್ರ: ಸಕ್ಕರೆ ಒಂದನ್ನೇ ನಂಬಬೇಡಿ, ರಾಸಾಯನಿಕ ಮಾಡಿ. ಬಲರಾಂಪುರ ಚೀನಿ ಕಂಪನಿ ಉತ್ತರ ಪ್ರದೇಶದ ಕುಂಭಿಯಲ್ಲಿ ಸಕ್ಕರೆಯಿಂದ ಪಿಎಲ್‌ಎ ಅನ್ನೋ ಪ್ಲಾಸ್ಟಿಕ್ ಮಾಡೋದಕ್ಕೆ ಕೈಹಾಕಿದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ ಕಬ್ಬು ಅರೆಯುವ ಗೋದಾವರಿ ಬಯೋರಿಫೈನರೀಸ್ ಕೂಡ ಎಥನಾಲ್ ಆಧರಿತ ರಾಸಾಯನಿಕಗಳ ವ್ಯಾಪಾರದಲ್ಲಿದೆ. ಬ್ರೆಜಿಲ್‌ನ ಬ್ರಾಸ್ಕೆಂ ಅಂತೂ 2010ರಿಂದಲೇ ಕಬ್ಬಿನ ಎಥನಾಲ್‌ನಿಂದ ಎಥಿಲೀನ್ ತೆಗೀತಿದೆ.

ಕೇಳೋದಕ್ಕೆ ಚೆಂದ. ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಸಕ್ಕರೆ ಹುಳಿಸಿದರೆ ಹೆಚ್ಚೆಂದರೆ ಅರ್ಧ ಕಿಲೋ ಚಿಲ್ಲರೆ ಎಥನಾಲ್. ಮಿಕ್ಕಿದ್ದು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ. ಆ ಎಥನಾಲ್‌ನಿಂದ ನೀರಿನ ಅಂಶ ತೆಗೆದರೆ ಎಥಿಲೀನ್ ಸಿಗೋದು ಒಂದು ಕಿಲೋದ ಮೂರನೇ ಒಂದು ಭಾಗ. ಅಂದ್ರೆ ಒಂದು ಕಿಲೋ ಎಥಿಲೀನ್‌ಗೆ ಮೂರು ಕಿಲೋ ಸಕ್ಕರೆ! 31ರ ಲೆಕ್ಕದಲ್ಲೇ 93 ರೂಪಾಯಿ ಕಚ್ಚಾಮಾಲಿಗೇ ಹೋಯ್ತು. ಕಚ್ಚಾ ತೈಲದ ಎದುರು ಇದು ಗೆಲ್ಲುತ್ತಾ? ಕಾಕಂಬಿ ಬಳಸಿದರೆ ಖರ್ಚು ಇಳಿಯುತ್ತೆ, ನಿಜ. ಪಿಎಲ್‌ಎಗೆ ಬೇಕಾದ ಲ್ಯಾಕ್ಟಿಕ್ ಆಸಿಡ್‌ನಲ್ಲಿ ಇಷ್ಟು ನಷ್ಟವಿಲ್ಲ, ಸಕ್ಕರೆಯ ಬಹುಪಾಲು ಅದರಲ್ಲೇ ಉಳಿಯುತ್ತೆ. ಕಾರ್ಖಾನೆಗಳ ಕಣ್ಣು ಅತ್ತ ಹೊರಳಿದ್ದು ಸುಮ್ಮನೆ ಅಲ್ಲ.

ಇನ್ನೊಂದು ತಲೆನೋವು. ಕಬ್ಬು ಅರೆಯೋದು ವರ್ಷಕ್ಕೆ ನಾಲ್ಕೈದು ತಿಂಗಳು. ರಾಸಾಯನಿಕ ಘಟಕ ವರ್ಷವಿಡೀ ಓಡದಿದ್ದರೆ ಬ್ಯಾಂಕ್ ಬಡ್ಡಿ ಕಟ್ಟೋದಕ್ಕಾಗಲ್ಲ. ರಸ ಇಟ್ಟರೆ ಹುಳಿಯುತ್ತೆ. ಹಾಗಾಗಿ ಸಕ್ಕರೆಯನ್ನೋ ಕಾಕಂಬಿಯನ್ನೋ ಕೂಡಿಡಬೇಕು. ಅದರ ಮೇಲೆ ದೆಹಲಿಯ ಆದೇಶಗಳು. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸದಿಂದ ಎಥನಾಲ್ ಮಾಡೋದಕ್ಕೆ ರಾತ್ರೋರಾತ್ರಿ ತಡೆ ಹಾಕಿ, ಆಮೇಲೆ ಸಡಿಲಿಸಿದರು. ಸಾಲ ಮಾಡಿ ಡಿಸ್ಟಿಲರಿ ಕಟ್ಟಿದವನ ಗತಿ ಏನು ಸ್ವಾಮಿ?

ಇಷ್ಟಾಗಿಯೂ ಯಾರೋ ಗೆದ್ದರು ಅಂತಿಟ್ಟುಕೊಳ್ಳಿ. ರೈತನಿಗೆ ಏನು ಸಿಗುತ್ತೆ? 2025-26ರ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ, ಅದೂ 10.25ರಷ್ಟು ಸಕ್ಕರೆ ಇಳುವರಿಯ ಲೆಕ್ಕದಲ್ಲಿ. ಅಲ್ಲಿ ತೂಗೋದು ಸಕ್ಕರೆಯನ್ನ ಮಾತ್ರ. 2012ರಲ್ಲಿ ರಂಗರಾಜನ್ ಸಮಿತಿ, ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ ಶೇಕಡಾ 70 ರೈತನಿಗೆ ಅಂತ ಹೇಳಿತ್ತು. ಆ ಉಪ ಉತ್ಪನ್ನಗಳ ಪಟ್ಟಿಯಲ್ಲಿ ಕಾಕಂಬಿ ಇದೆ, ಕಬ್ಬಿನ ಸಿಪ್ಪೆ ಇದೆ, ಪ್ರೆಸ್‌ಮಡ್ ಇದೆ. ಪ್ಲಾಸ್ಟಿಕ್ ಇಲ್ಲ.