ಬೇರೆಯವರ ಸಂಬಳ ಚೀಟಿಯಲ್ಲಿರುವ ನಮ್ಮ ಅಮಾನತ್

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿಯು ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಶಾಂತಿ ಹಾಗೂ ಅನುಗ್ರಹವಿರಲಿ.

ಸತ್ಯವಿಶ್ವಾಸಿಗಳೇ, ಮೊದಲು ನನಗೂ ಬಳಿಕ ನಿಮಗೂ ತಕ್ವಾದ ಉಪದೇಶ ಮಾಡುತ್ತೇನೆ. ನಾಳೆ ಪರಲೋಕದಲ್ಲಿ ಸಂಪತ್ತಿನ ಕುರಿತು ಎರಡು ಪ್ರಶ್ನೆಗಳಿವೆ: ಎಲ್ಲಿಂದ ಗಳಿಸಿದೆ, ಎಲ್ಲಿ ಖರ್ಚು ಮಾಡಿದೆ. ಇಂದು ಮೊದಲ ಪ್ರಶ್ನೆಯ ಬಗ್ಗೆ ಮಾತನಾಡೋಣ.

ನಮ್ಮ ಅನೇಕ ಯುವಕರು ಇಂದು ವಿಮಾ ಏಜೆಂಟರಾಗಿದ್ದಾರೆ. ಮನೆಮನೆ ಅಲೆಯುವ ಬದಲು ಗಾರ್ಮೆಂಟ್ಸ್ ಕಾರ್ಖಾನೆಗೆ, ಶಾಲೆಗೆ, ಕಚೇರಿಗೆ ಹೋಗುತ್ತಾರೆ. ಮಾಲಕರ ಅನುಮತಿ ಪಡೆದು ಊಟದ ಬಿಡುವಿನಲ್ಲಿ ನೌಕರರನ್ನು ಸೇರಿಸಿ ಹೆಚ್ಚುವರಿ ಪಾಲಿಸಿಯ ಬಗ್ಗೆ ಹೇಳುತ್ತಾರೆ. ಸಹಿ ಬಿದ್ದರೆ ಪ್ರತಿ ತಿಂಗಳೂ ಸಂಬಳದಿಂದಲೇ ಕಂತು ಕಡಿತವಾಗುತ್ತದೆ. ಎಲ್‌ಐಸಿಯ ಸ್ಯಾಲರಿ ಸೇವಿಂಗ್ಸ್ ಸ್ಕೀಮ್ ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಅವರಲ್ಲೊಬ್ಬ ಯುವಕ ನನ್ನಲ್ಲಿ ಕೇಳಿದ: “ಉಸ್ತಾದ್, ನನ್ನ ಕಮಿಷನ್ ಹಲಾಲ್ ಆಗುತ್ತದೆಯೇ?” ಈ ಪ್ರಶ್ನೆಗೆ ಎರಡು ಭಾಗಗಳಿವೆ.

ಮೊದಲನೆಯದು ಒಪ್ಪಂದದ ವಿಚಾರ. 1985ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿಯು ವಾಣಿಜ್ಯ ವಿಮೆಯಲ್ಲಿ ದೊಡ್ಡ ಪ್ರಮಾಣದ ‘ಗರರ್’, ಅಂದರೆ ಏನು ಕೊಟ್ಟು ಏನು ಪಡೆಯುತ್ತೇವೆ ಎಂಬ ಅನಿಶ್ಚಿತತೆ ಇದೆ ಎಂದು ಹೇಳಿ ಅದನ್ನು ನಿಷಿದ್ಧವೆಂದಿತು. ಪರಸ್ಪರ ಸಹಾಯದ ತತ್ವದ ಮೇಲೆ ನಿಂತ ಸಹಕಾರಿ ವಿಮೆಯನ್ನು ಒಪ್ಪಿತು. ಸಿರಿಯಾದ ವಿದ್ವಾಂಸ ಮುಸ್ತಫಾ ಝರ್ಕಾರಂಥವರು ವಿಮೆಯ ಮೂಲ ತತ್ವ ಅನುಮತಿಸಲ್ಪಟ್ಟದ್ದೇ ಎಂದು ವಾದಿಸಿದ್ದಾರೆ. ಕಾನೂನು ಕಡ್ಡಾಯ ಮಾಡಿದ ವಿಮೆಯ ವಿಚಾರ ಬೇರೆ. ಅಲ್ಲಿ ಆಯ್ಕೆ ನಮ್ಮ ಕೈಯಲ್ಲಿಲ್ಲ. ಆದರೆ ನಾವಾಗಿ ಮಾರುವ ಪಾಲಿಸಿಗೆ ಆ ನೆಪ ಸಲ್ಲದು. ಆದ್ದರಿಂದ ಸಹೋದರಾ, “ಎಲ್ಲರೂ ಮಾಡುತ್ತಾರೆ” ಎಂಬ ಉತ್ತರದಿಂದ ತೃಪ್ತನಾಗಬೇಡ. ನೀನು ಮಾರುವ ಪಾಲಿಸಿಯ ಕಾಗದವನ್ನೇ ಬಲ್ಲ ಆಲಿಮರ ಮುಂದಿಡು. ಆಸ್ಪತ್ರೆ ಖರ್ಚಿನ ಪಾಲಿಸಿ ಒಂದು, ಬಡ್ಡಿಯ ಸಾಲಪತ್ರಗಳಲ್ಲಿ ಹಣ ಹೂಡಿ ಬೋನಸ್ ಹಂಚುವ ಪಾಲಿಸಿ ಇನ್ನೊಂದು. ಸಂಶಯ ಉಳಿದರೆ ದೂರವಿರುವುದೇ ದೀನಿಗೆ ಕ್ಷೇಮ. ಬೇರೆ ದುಡಿಮೆ ಹುಡುಕಲು ಹೊರಟವನಿಗೆ ಅಲ್ಲಾಹನು ದಾರಿ ತೋರುವನು.

ಎರಡನೆಯದು ಮಾರುವ ರೀತಿ. ಇದರಲ್ಲಿ ಯಾವ ವಿದ್ವಾಂಸರಿಗೂ ಭಿನ್ನಾಭಿಪ್ರಾಯವಿಲ್ಲ. ಪ್ರವಾದಿವರ್ಯರು(ಸ) ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ತೇವ ಸಿಕ್ಕಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಅವರು ಕೇಳಿದರು. ವಂಚಿಸುವವನು ನಮ್ಮವನಲ್ಲವೆಂದು ಎಚ್ಚರಿಸಿದರು. ಮಳೆ ಬಂದದ್ದು ಆ ವ್ಯಾಪಾರಿಯ ತಪ್ಪಲ್ಲ. ಒದ್ದೆಯನ್ನು ಅಡಿಯಲ್ಲಿಟ್ಟದ್ದು ತಪ್ಪು.

ನಮ್ಮ ಕಾಲದ ಪಾಲಿಸಿಯಲ್ಲಿ ಒದ್ದೆ ಎಲ್ಲಿದೆ? ತಿಂಗಳಿಗೆ 12,000 ರೂಪಾಯಿ ದುಡಿಯುವ ಒಬ್ಬ ಸಹೋದರಿಯನ್ನು ನೆನೆಯಿರಿ. 21,000 ರೂಪಾಯಿ ವೇತನದವರೆಗೆ ಇಎಸ್‌ಐ ಇದೆ. ಅವಳ ಪಾಲು ಶೇ. 0.75, ಅಂದರೆ 90 ರೂಪಾಯಿ. ಮಾಲಕರ ಪಾಲು ಶೇ. 3.25, ಅಂದರೆ 390 ರೂಪಾಯಿ. ಅವಳಿಗೂ ಅವಳನ್ನು ಅವಲಂಬಿಸಿದ ಕುಟುಂಬಕ್ಕೂ ಅದರಲ್ಲಿ ಚಿಕಿತ್ಸೆಯಿದೆ. ಪಿ.ಎಫ್. ಸದಸ್ಯೆಯಾಗಿದ್ದು ಸೇವೆಯಲ್ಲಿರುವಾಗ ಮರಣ ಹೊಂದಿದರೆ, ಅವಳು ಒಂದು ಪೈಸೆ ಕಟ್ಟದ ಇಡಿಎಲ್‌ಐ ಯೋಜನೆಯಿಂದ ಮನೆಯವರಿಗೆ ಗರಿಷ್ಠ 7 ಲಕ್ಷದವರೆಗೆ ಸಿಗಬಹುದು. ಇದನ್ನು ತಿಳಿಸದೆ, “ನಿಮಗೆ ಏನೂ ರಕ್ಷಣೆಯಿಲ್ಲ” ಎಂದು ಹೆದರಿಸಿ ತಿಂಗಳಿಗೆ 500 ರೂಪಾಯಿಯ ಪಾಲಿಸಿ ಮಾರಿದರೆ ಅದು ಒದ್ದೆ ಧಾನ್ಯ. ವರ್ಷಕ್ಕೆ 6,000 ರೂಪಾಯಿ; ಅವಳ ಅರ್ಧ ತಿಂಗಳ ದುಡಿಮೆ.

ಇನ್ನೂ ಕೆಲವನ್ನು ಬಾಯಿಬಿಟ್ಟು ಹೇಳಲೇಬೇಕು. ಕೆಲಸ ಬಿಟ್ಟರೆ ಸಂಬಳದ ಕಡಿತ ನಿಲ್ಲುತ್ತದೆ, ಕಂತನ್ನು ತಾವೇ ಕಟ್ಟಬೇಕು, ಇಲ್ಲವಾದರೆ ಪಾಲಿಸಿ ರದ್ದಾಗುತ್ತದೆ. ಉಳಿತಾಯದ ಪಾಲಿಸಿಯನ್ನು ಆರಂಭದ ವರ್ಷಗಳಲ್ಲಿ ಬಿಟ್ಟರೆ ಕಟ್ಟಿದ್ದರಲ್ಲಿ ದೊಡ್ಡ ಪಾಲು ಹೋಗಬಹುದು. ಪಾಲಿಸಿ ಪತ್ರ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸುವ ಹಕ್ಕಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದರೆ ಅರ್ಜಿಯಲ್ಲಿ ಬರೆಯಲೇಬೇಕು. “ಅದೆಲ್ಲ ಬೇಡ, ಇಲ್ಲ ಎಂದು ಬರೆಯಿರಿ” ಎನ್ನುವ ಏಜೆಂಟನು ಇಂದು ಕಮಿಷನ್ ಪಡೆಯುತ್ತಾನೆ. ನಾಳೆ ಕ್ಲೇಮ್ ತಿರಸ್ಕೃತವಾದಾಗ ಅಳುವುದು ಆ ಮನೆಯ ಮಕ್ಕಳು.

ಸಾಲದ ವ್ಯವಹಾರವನ್ನು ಬರೆದಿಡಲು ಆಜ್ಞಾಪಿಸುವ ಆಯತ್ ಕುರ್‌ಆನಿನ ಅತಿ ದೀರ್ಘ ಆಯತ್. ಹೊಣೆ ಹೊತ್ತವನು ತಿಳಿವಳಿಕೆ ಇಲ್ಲದವನಾದರೆ ಅವನ ಪರವಾಗಿ ಪೋಷಕನು ನ್ಯಾಯದಿಂದ ಹೇಳಿ ಬರೆಸಬೇಕೆಂದೂ ಅದರಲ್ಲಿದೆ. ಓದಲು ಬಾರದವಳ ಹೆಬ್ಬೆಟ್ಟನ್ನು ಇಂಗ್ಲಿಷ್ ಕಾಗದದ ಮೇಲೆ ಒತ್ತಿಸಿಕೊಳ್ಳುವವರು ಈ ಆಯತ್‌ನ ಮುಂದೆ ಒಮ್ಮೆ ನಿಲ್ಲಲಿ.

ಇನ್ನು ಮ್ಯಾನೇಜರ್, ಸೂಪರ್‌ವೈಸರ್ ಆಗಿರುವ ಸಹೋದರರೇ. ಝಕಾತ್ ಸಂಗ್ರಹಿಸಲು ಹೋದವರೊಬ್ಬರು ಹಿಂದಿರುಗಿ, ಇದು ನಿಮ್ಮದು, ಇದು ನನಗೆ ಬಂದ ಉಡುಗೊರೆ ಎಂದಾಗ ಪ್ರವಾದಿವರ್ಯರು(ಸ) ಮಿಂಬರ್ ಏರಿ, ತಂದೆತಾಯಿಯ ಮನೆಯಲ್ಲಿ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಕೇಳಿದರು. ಏಜೆಂಟನು ನಿಮ್ಮ ಮೇಜಿನ ಮೇಲೆ ಇಡುವ ಮೊಬೈಲಿಗೂ ಇದೇ ಪ್ರಶ್ನೆ. ನಿಮ್ಮ ಮುಖ ನೋಡಿ ಹೆದರಿ ಸಹಿ ಹಾಕಿದ್ದು ಮನಸ್ಸಿನ ಒಪ್ಪಿಗೆಯಲ್ಲ.

ಕಡಿತ ಮಾಡುವವರ ಹೊಣೆಯೂ ಸಣ್ಣದಲ್ಲ. ದೆಹಲಿಯ ವಿದ್ಯುತ್ ಸಂಸ್ಥೆಯ ನೌಕರನೊಬ್ಬ ಇಂಥದೇ ಸಂಬಳ ಯೋಜನೆಯಲ್ಲಿ ಪಾಲಿಸಿ ಪಡೆದಿದ್ದ. ಸಂಸ್ಥೆಯಿಂದ ಕಂತು ವಿಮಾ ನಿಗಮಕ್ಕೆ ತಲುಪಲಿಲ್ಲ. ಅವನು ತೀರಿಕೊಂಡ. ಅವನ ವಿಧವೆ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಕಂತು ಸಂಗ್ರಹಿಸುವ ವಿಷಯದಲ್ಲಿ ಉದ್ಯೋಗದಾತ ಸಂಸ್ಥೆಯು ನಿಗಮದ ಪರವಾಗಿಯೇ ಕೆಲಸ ಮಾಡುತ್ತಿತ್ತು ಎಂದು 1999ರಲ್ಲಿ ಕೋರ್ಟು ಹೇಳಿತು. ಹಣ ಕೊಡುವ ಹೊಣೆ ನಿಗಮದ ಮೇಲೆ ಬಂತು. ನ್ಯಾಯ ಸಿಕ್ಕಿತು, ಆದರೆ ಆ ಮನೆಯವರು ಕಾದ ದಿನಗಳಿಗೆ ಯಾರು ಉತ್ತರಿಸುವರು?

ದುಡಿಯುವ ಸಹೋದರ ಸಹೋದರಿಯರೇ, ಸಂಬಳ ಚೀಟಿಯನ್ನು ಪ್ರತಿ ತಿಂಗಳೂ ನೋಡಿ. ಅರ್ಥವಾಗದ ಕಡಿತವಿದ್ದರೆ ಕೇಳಿ. ವಿಮೆಯಲ್ಲಿ ಅನ್ಯಾಯವಾಗಿದ್ದರೆ ಮೊದಲು ಕಂಪೆನಿಗೆ ಲಿಖಿತವಾಗಿ ದೂರು ಕೊಡಿ. ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿಯಿದೆ. ಅಲ್ಲಿ ದೂರು ನೀಡಲು ಶುಲ್ಕವಿಲ್ಲ, ವಕೀಲರೂ ಬೇಡ.

ಕೊನೆಯದಾಗಿ ಜಮಾಅತಿಗೆ ಒಂದು ಮಾತು. ಏಜೆಂಟರು ತೋರಿಸುವ ಭಯದಲ್ಲಿ ಸತ್ಯವೂ ಇದೆ. ದುಡಿಯುವವನು ಹಾಸಿಗೆ ಹಿಡಿದರೆ ಮನೆ ಬಡ್ಡಿ ಸಾಲಕ್ಕೆ ಬೀಳುತ್ತದೆ. ವಿಮೆ ಸರಿಯಲ್ಲವೆಂದು ಹೇಳಿ ಮಸೀದಿಯಿಂದ ಎದ್ದು ಹೋದರೆ ನಮ್ಮ ಹೊಣೆ ಮುಗಿಯದು. ಪ್ರತಿ ಮಹಲ್ಲಿನಲ್ಲಿ ಬೈತುಲ್ ಮಾಲ್ ಬಲಗೊಳ್ಳಲಿ, ಅದರ ಲೆಕ್ಕ ನೋಟಿಸ್ ಬೋರ್ಡಿನಲ್ಲಿರಲಿ. ಯಾರ ಮನೆಯಲ್ಲಿ ಇಎಸ್‌ಐ ಕಾರ್ಡ್ ಬಳಕೆಯಾಗದೆ ಬಿದ್ದಿದೆ ಎಂದು ನಮ್ಮ ಓದಿದ ಯುವಕರು ವಿಚಾರಿಸಲಿ. ಕಾಗದ ಓದಲು ಬಲ್ಲ ಏಜೆಂಟ್ ಯುವಕನೇ ಈ ಕೆಲಸಕ್ಕೆ ಎಲ್ಲರಿಗಿಂತ ಯೋಗ್ಯನು.

ಅಲ್ಲಾಹನು ನಮ್ಮ ದುಡಿಮೆಯನ್ನು ಹಲಾಲ್ ಆಗಿಸಲಿ, ಅದರಲ್ಲಿ ಬರ್ಕತ್ ನೀಡಲಿ, ಪರರ ಹಕ್ಕು ಹೊತ್ತುಕೊಂಡು ಅವನ ಮುಂದೆ ನಿಲ್ಲುವುದರಿಂದ ನಮ್ಮನ್ನು ಕಾಪಾಡಲಿ. ಆಮೀನ್.