ಹೂಗ್ಲಿಯ ದಂಡೆಯ ಪಾಠ



ಜಾಗತಿಕ ಪೈಪೋಟಿಯ ಪಾಠಕ್ಕೆ ನಾವು ದೂರ ಹೋಗಬೇಕಿಲ್ಲ; ಹೂಗ್ಲಿಯ ದಂಡೆಯೇ ಸಾಕು. 1855ರಲ್ಲಿ ರಿಶ್ರಾದಲ್ಲಿ ಆರಂಭವಾದ ಸೆಣಬಿನ ಗಿರಣಿ, ಮುಂದೆ ಸ್ಕಾಟ್ಲೆಂಡಿನ ಡಂಡೀ ನಗರವನ್ನೇ ಹಿಂದಿಕ್ಕಿದ ಉದ್ಯಮಕ್ಕೆ ನಾಂದಿಯಾಯಿತು. ಕಚ್ಚಾ ಮಾಲು, ಬಂದರು, ಅಗ್ಗದ ಕೂಲಿ ಮೂರೂ ಇಲ್ಲಿದ್ದವು. 1947ರ ವಿಭಜನೆಯಲ್ಲಿ ಗಿರಣಿಗಳು ಇಲ್ಲುಳಿದವು. ಸೆಣಬಿನ ಹೊಲಗಳಲ್ಲಿ ಬಹುಪಾಲು ಗಡಿಯಾಚೆ ಹೋದವು. ಬಳಿಕ ಪ್ಲಾಸ್ಟಿಕ್ ಚೀಲ ಬಂದಿತು. 1987ರ ಕಾಯಿದೆಯ ಬಲದಿಂದ ಧಾನ್ಯ, ಸಕ್ಕರೆಗಳಿಗೆ ಸೆಣಬಿನ ಚೀಲ ಕಡ್ಡಾಯವಾಯಿತು. ಆದರೂ ಅನೇಕ ಗಿರಣಿಗಳಲ್ಲಿ ಹಳೆಯ ಮಗ್ಗಗಳೇ ಉಳಿದವು.

ಆಸರೆ ಬೇಕು, ನಿಜ. ಗಿರಣಿ ಮುಚ್ಚಿದರೆ ಒಲೆ ಆರುವುದು ಬಿಹಾರದಿಂದ ಬಂದ, ನಮ್ಮಂತೆಯೇ ಹೊರನಾಡಿಗನಾದ ಕಾರ್ಮಿಕನ ಮನೆಯಲ್ಲಿ. ಆದರೆ ಆಸರೆ ದೊರೆತ ಕಾಲವನ್ನು ಯಂತ್ರಕ್ಕೂ ತರಬೇತಿಗೂ ವಿನಿಯೋಗಿಸದ ನಾಡು ಪೈಪೋಟಿಯಲ್ಲಿ ನಿಲ್ಲಲಾರದು. ಬೆಂಗಳೂರಿನ ತಂತ್ರಾಂಶೋದ್ಯಮದ ಬಗ್ಗೆ ಹೆಮ್ಮೆಪಡುವ ನಾವೂ ಈ ಗಿರಣಿಗಳನ್ನು ಒಮ್ಮೆ ನೋಡಿ ಬರಬೇಕು.