ಮುರಿದ ಮೂಳೆ, ಮಸುಕಾದ ಕಣ್ಣು



ನಾಡಹಬ್ಬದ ಸಭೆಯಲ್ಲಿ ಮೂಳೆ ಮುರಿತದ ಮಾತೇಕೆಂದು ತಾವು ಕೇಳಬಹುದು. ಮುಂಬಯಿಯ ನಮ್ಮ ಮನೆಗಳಲ್ಲಿ ಊರಿನಿಂದ ಬಂದ ವೃದ್ಧ ತಾಯಿತಂದೆಯರಿದ್ದಾರೆ. ಲೋಕಲ್ ರೈಲಿನಲ್ಲಿ, ಸ್ಕೂಟರಿನಲ್ಲಿ ದಿನವೂ ಓಡಾಡುವ ಮಕ್ಕಳಿದ್ದಾರೆ. ಬಿದ್ದು ಕಾಲು ಮುರಿಯುವುದು ಯಾರ ಮನೆಗೂ ಹೊಸದಲ್ಲ. ಆದರೆ ಕಾಲು ಮುರಿದವರಿಗೆ ಕಣ್ಣು ಮಸುಕಾದರೆ, ಎರಡಕ್ಕೂ ನಂಟಿರಬಹುದೆಂದು ನಮಗೆ ತೋಚುವುದು ಕಷ್ಟ.

ನಂಟು ಅಪರೂಪ, ಆದರೂ ಉಂಟು. ತೊಡೆಯ ಮೂಳೆಯಂಥ ಉದ್ದ ಮೂಳೆಗಳೊಳಗಿನ ಮಜ್ಜೆಯಲ್ಲಿ ಕೊಬ್ಬು ತುಂಬಿರುತ್ತದೆ. ಮೂಳೆ ಮುರಿದಾಗ ಆ ಕೊಬ್ಬಿನ ಹನಿಗಳು ಹರಿದ ನಾಳಗಳ ಮೂಲಕ ರಕ್ತವನ್ನು ಸೇರುತ್ತವೆ. ಬಹುಮಂದಿಗೆ ಇದರಿಂದ ಬಾಧೆಯಿಲ್ಲ. ಕೆಲವರಲ್ಲಿ ಮಾತ್ರ ಅವು ಶ್ವಾಸಕೋಶದ ಸಣ್ಣ ನಾಳಗಳನ್ನು ಕಟ್ಟುತ್ತವೆ. ಅಲ್ಲಿಂದ ನುಸುಳಿ ಮಿದುಳಿಗೂ ಕಣ್ಣಿಗೂ ಹೋಗುತ್ತವೆ. ಸಾಮಾನ್ಯವಾಗಿ 24ರಿಂದ 72 ಗಂಟೆಗಳೊಳಗೆ ಏದುಸಿರು, ಮಂಕು, ಎದೆ ಮತ್ತು ಕಂಕುಳಲ್ಲಿ ಸಣ್ಣ ಕೆಂಪು ಚುಕ್ಕೆಗಳು ಕಾಣಿಸಿಕೊಳ್ಳಬಹುದು.

ಕಣ್ಣಿನೊಳಗೆ ಹಿಂಬದಿಯಲ್ಲಿರುವ ಅಕ್ಷಿಪಟಲವೇ ನೋಟದ ಪರದೆ. ಅದರ ಕೂದಲೆಳೆಯಂಥ ನಾಳಗಳು ಕಟ್ಟಿಕೊಂಡರೆ ದೃಷ್ಟಿ ಥಟ್ಟನೆ ಕುಂದುತ್ತದೆ. ಆಸ್ಟ್ರಿಯದ ನೇತ್ರವೈದ್ಯ ಓಟ್ಮಾರ್ ಪುರ್ಚರ್, ಮರದಿಂದ ಬಿದ್ದು ತಲೆಗೆ ಪೆಟ್ಟಾದವನೊಬ್ಬನ ಅಕ್ಷಿಪಟಲದಲ್ಲಿ ಬಿಳಿಯ ಮಚ್ಚೆಗಳನ್ನೂ ರಕ್ತದ ಕಲೆಗಳನ್ನೂ ಕಂಡು 1910ರಲ್ಲಿ ವರದಿ ಮಾಡಿದನು. ಉದ್ದ ಮೂಳೆ ಮುರಿದವರಲ್ಲಿಯೂ ಇಂಥ ಚಿಹ್ನೆಗಳು ಕಂಡುಬಂದಿವೆ. ಹೊರಗೆ ಕಣ್ಣು ಕೆಂಪಾಗಿರುವುದಿಲ್ಲ, ನೋವಿರುವುದಿಲ್ಲ. ಆದುದರಿಂದ ರೋಗಿಯ ಮಾತೇ ಮೊದಲ ಸುಳಿವು.

ನಮ್ಮವರಿಗೆ ತೊಡಕು ಇಲ್ಲಿಯೇ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಅಮ್ಮ, “ಕಣ್ಣು ಕತ್ತಲೆ ಬರ್ತದೆ” ಎನ್ನುತ್ತಾಳೆ. ಕನ್ನಡದಲ್ಲಿ ಈ ಮಾತಿಗೆ ತಲೆಸುತ್ತು ಎಂಬ ಅರ್ಥವೂ ಉಂಟು. ನಾವು ಮರಾಠಿಯಲ್ಲೋ ಹಿಂದಿಯಲ್ಲೋ “ತಲೆಸುತ್ತು” ಎಂದು ದಾಟಿಸಿಬಿಟ್ಟರೆ ರೋಗವೇ ಬದಲಾದಂತಾಯಿತು. ನಿಶ್ಶಕ್ತಿ, ವಯಸ್ಸು, ಕನ್ನಡಕ ಹಾಕಿಲ್ಲ ಎಂದು ನಾವೇ ತೀರ್ಪು ಕೊಡುವುದೂ ಸಲ್ಲದು. ತಲೆ ತಿರುಗುವುದೋ, ಕಾಣುವುದೇ ಇಲ್ಲವೋ? ಒಂದು ಕಣ್ಣೋ, ಎರಡೋ? ಯಾವಾಗಿನಿಂದ? ಹೀಗೆ ಕೇಳೋಣ. ಒಂದೊಂದು ಕಣ್ಣನ್ನೇ ಮುಚ್ಚಿಸಿ ನಮ್ಮ ಬೆರಳುಗಳನ್ನು ಎಣಿಸಲು ಹೇಳೋಣ. ಉತ್ತರವನ್ನು ಆ ಗಳಿಗೆಯಲ್ಲೇ ಡಾಕ್ಟರಿಗೆ ತಿಳಿಸೋಣ; ಬೆಳಗಿನ ರೌಂಡಿಗೆ ಕಾಯುವುದು ಬೇಡ.

ಈ ಬಗೆಯ ದೃಷ್ಟಿನಷ್ಟಕ್ಕೆ ಖಚಿತವಾದ ಔಷಧ ಇಂದಿಗೂ ಇಲ್ಲ. ಕೆಲವರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ನೋಟ ಮರಳುತ್ತದೆ. ಕೆಲವರಿಗೆ ಪೂರ್ತಿ ಮರಳದು. ಹಾಗಾದರೆ ಬೇಗ ಹೇಳಿ ಫಲವೇನು? ಫಲವಿದೆ. ಕಣ್ಣಿಗೆ ಬಂದ ಕೊಬ್ಬು ಶ್ವಾಸಕೋಶ, ಮಿದುಳುಗಳಿಗೂ ಮುಟ್ಟಿರಬಹುದು. ಆಗ ಸಕಾಲದಲ್ಲಿ ಆಮ್ಲಜನಕ ಕೊಟ್ಟು ಎಚ್ಚರದಿಂದ ನೋಡಿಕೊಂಡರೆ ಪ್ರಾಣ ಉಳಿದೀತು. ದೃಷ್ಟಿ ಹೋಗಲು ಬೇರೆ ಕಾರಣವಿದ್ದರೆ, ಅವುಗಳಲ್ಲಿ ಕೆಲವಕ್ಕೆ ಗಂಟೆಗಳೊಳಗೇ ಚಿಕಿತ್ಸೆಯಾಗಬೇಕು.

ಮುರಿದ ಕಾಲನ್ನು ಎಳೆದಾಡದೆ, ಪಟ್ಟಿ ಕಟ್ಟಿ ಅಲುಗದಂತೆ ಆಸ್ಪತ್ರೆಗೆ ಒಯ್ಯುವುದು ನಮ್ಮ ಮೊದಲ ಕರ್ತವ್ಯ. ಅನಂತರ ಭಾಷೆ ಬಲ್ಲವರೊಬ್ಬರು ರೋಗಿಯ ಬಳಿ ಕುಳಿತಿರಬೇಕು. ಮನೆಯಲ್ಲಿ ಅಂಥವರಿಲ್ಲದಿದ್ದರೆ ಸಂಘದ ಬಂಧುಗಳು ಸರದಿಯ ಮೇಲೆ ಹೋಗಲಿ. ಪರಸ್ಥಳದಲ್ಲಿ ನರಳುವ ಒಬ್ಬ ಮುದುಕಿಯ ಮಾತನ್ನು ಅರ್ಥ ಕೆಡದಂತೆ ವೈದ್ಯರಿಗೆ ಮುಟ್ಟಿಸುವುದೂ ಕನ್ನಡದ ಸೇವೆಯೇ ಎಂದು ನಾವು ನಂಬಿದ್ದೇವೆ.